ಒಂದೇ ಪೆಟ್ಟಿಗೆ, ಬೇರೆ ಬೇರೆ ಹದ: ಅಗ್ಗದ ಟೂಲ್ಸ್ ಯಾಕೆ ಒಮ್ಮೆ ಬಾಳುತ್ತವೆ, ಒಮ್ಮೆ ಕೈಕೊಡುತ್ತವೆ?

ಪ್ರಶ್ನೆ: ಆನ್‌ಲೈನ್‌ನಲ್ಲಿ 599 ರೂಪಾಯಿಗೆ 46 ಪೀಸಿನ ಸಾಕೆಟ್ ಸೆಟ್ ತರಿಸಿದೆ. ಎರಡನೇ ದಿನವೇ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್‌ನ 14 ಮಿಮೀ ನಟ್ ಬಿಚ್ಚುವಾಗ ರಾಚೆಟ್ (ಸಾಕೆಟ್ ಸಿಕ್ಕಿಸಿ ತಿರುಗಿಸುವ ಹಿಡಿ) ಕಟಕ್ ಅಂತು. ಈಗ ಎರಡೂ ಕಡೆಗೆ ಸುಮ್ನೆ ತಿರುಗುತ್ತದೆ. ಬಲ ಸಾಲದೆ ಹಿಡಿಗೆ ತೋಟದ ಜಿಐ ಪೈಪ್ ಒಂದನ್ನು ಸಿಕ್ಕಿಸಿದ್ದೆ, ಅದು ನಿಜ. ಆದರೆ ನಮ್ಮ ಭಾವ ತರಿಸಿದ್ದೂ ಇದೇ ಸೆಟ್, ಇದೇ ಬೆಲೆ. ಅವರದು ಎರಡು ವರ್ಷದಿಂದ ಚೆನ್ನಾಗಿದೆ. ಇನ್ನು ನಾನು ಸಂತೆಯಲ್ಲಿ 40 ರೂಪಾಯಿಗೆ ತಂದ ಸ್ಕ್ರೂ ಡ್ರೈವರ್ ಐದು ವರ್ಷವಾದರೂ ಜಗ್ಗಿಲ್ಲ. ಅಗ್ಗದ ಟೂಲ್ಸ್ ಅಂದ್ರೆ ಲಾಟರಿನಾ? ಜಾಸ್ತಿ ದುಡ್ಡು ಕೊಟ್ಟು ದೊಡ್ಡ ಬ್ರ್ಯಾಂಡ್‌ಗೇ ಹೋಗಬೇಕಾ?
(ತಿಪಟೂರು ಕಡೆಯ ಓದುಗರು)

ಉತ್ತರ: ಮೊದಲು ಪೈಪ್ ವಿಷಯ ಮುಗಿಸಿಬಿಡೋಣ. ನಿಮ್ಮ ರಾಚೆಟ್ ತುದಿಯ ಚೌಕವನ್ನು ಅಳೆದು ನೋಡಿ. ಕಾಲು ಇಂಚು, ಅಂದರೆ 6.3 ಮಿಮೀ ಇರುತ್ತದೆ. 46 ಪೀಸ್ ಅಂತ ಮಾರುವ ಸೆಟ್‌ಗಳು ಹೆಚ್ಚಾಗಿ ಈ ಅಳತೆಯವೇ. ಸಣ್ಣ ಬೋಲ್ಟ್‌ಗಳಿಗೆ ಅಂತ ಮಾಡಿದ ಸಾಮಾನು ಇದು. ರಾಚೆಟ್ ಒಳಗೆ ಒಂದು ಹಲ್ಲಿನ ಚಕ್ರ ಇರುತ್ತದೆ, ಅದನ್ನು ಕಚ್ಚಿ ಹಿಡಿಯಲು ಕಿರುಬೆರಳ ಉಗುರಿನಷ್ಟು ಚಿಕ್ಕ ಕೊಂಡಿ ಇರುತ್ತದೆ. ನೀವು ಹಾಕುವ ಅಷ್ಟೂ ಬಲ ಆ ಕೊಂಡಿಯ ಕೆಲವೇ ಹಲ್ಲುಗಳ ಮೇಲೆ ಕೂರುತ್ತದೆ. ಆರು ಇಂಚಿನ ಹಿಡಿಯನ್ನು ಪೈಪ್ ಹಾಕಿ ಎರಡು ಅಡಿ ಮಾಡಿದರೆ ಬಲ ನಾಲ್ಕು ಪಟ್ಟಾಯಿತು. ದೊಡ್ಡ ಬ್ರ್ಯಾಂಡಿನ ರಾಚೆಟ್ ಆಗಿದ್ದರೂ ಮುರಿಯಬಹುದಿತ್ತು. ಹಾಗಾಗಿ ಅರ್ಧ ತಪ್ಪು ನಿಮ್ಮದೇ, ಬೇಜಾರು ಮಾಡ್ಕೋಬೇಡಿ.

ಉಳಿದರ್ಧದ ಬಗ್ಗೆ ಹೇಳುವುದು ಬೇಕಾದಷ್ಟಿದೆ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಫಿಟರ್ ಆಗಿದ್ದವನು. ಒಮ್ಮೆ ನಮ್ಮ ಪರ್ಚೇಸ್ ವಿಭಾಗದವರು ದುಡ್ಡು ಉಳಿಸೋಣ ಅಂತ ಹೆಸರು ಕೇಳದ ಕಂಪನಿಯ ಸ್ಪ್ಯಾನರ್ ತರಿಸಿದರು. ಎಲ್ಲ ಒಂದೇ ಅಳತೆ, 16-17ರವು, ಒಂದು ಡಜನ್. ಕನ್ನಡಿ ಥರ ಹೊಳೆಯುತ್ತಿದ್ದವು. ಎಲ್ಲದರ ಮೇಲೂ ‘ಕ್ರೋಮ್ ವೆನಾಡಿಯಂ’ ಅಂತ ಅಚ್ಚು. ವಾರ ತುಂಬುವಷ್ಟರಲ್ಲಿ ಎರಡು ಸ್ಪ್ಯಾನರ್ ಬಾಯಿ ಬಿಟ್ಟವು. ಬೋಲ್ಟ್‌ನ ತಲೆ ಸವೆದು ಗುಂಡಗಾಯಿತು. ನಮಗೆ ಸಿಟ್ಟು ಬಂದು ಹನ್ನೆರಡನ್ನೂ ಗಡಸುತನ ಅಳೆಯುವ ರಾಕ್‌ವೆಲ್ ಯಂತ್ರಕ್ಕೆ ಕೊಟ್ಟೆವು. ಏಳು ಸ್ಪ್ಯಾನರ್ 40ರ ಮೇಲೆ ಬಂದವು. ಅಷ್ಟಿದ್ದರೆ ಏನೂ ತೊಂದರೆಯಿಲ್ಲ. ಮೂರು 30ರ ಆಸುಪಾಸು. ಉಳಿದೆರಡು ಆ ಅಳತೆಗೆ ಸಿಗಲೇ ಇಲ್ಲ, ಅಷ್ಟು ಮೆತ್ತಗಿದ್ದವು. ಹದ ಹಾಕದ ಸಾದಾ ಕಬ್ಬಿಣ ಹೇಗಿರುತ್ತದೋ ಹಾಗೆ. ಒಂದೇ ಪೆಟ್ಟಿಗೆ, ಒಂದೇ ಅಚ್ಚು, ಒಂದೇ ಹೊಳಪು.

ಆ ಏಳರಲ್ಲಿ ಒಂದು ಇವತ್ತಿಗೂ ನನ್ನ ಮನೆಯ ಡಬ್ಬಿಯಲ್ಲಿದೆ. ನಿಮ್ಮ ಭಾವನಿಗೆ ಸಿಕ್ಕಿದ್ದು ಅಂಥದ್ದು.

ಯಾಕೆ ಹೀಗಾಗುತ್ತೆ? ಇದಕ್ಕೆ ಕಮ್ಮಾರನ ಹತ್ತಿರ ಹೋದರೆ ಸುಲಭವಾಗಿ ಅರ್ಥವಾಗುತ್ತದೆ. ನಿಮ್ಮ ಕಡೆ ಮಚ್ಚು, ಕುಡುಗೋಲು ಮಾಡುವುದನ್ನು ನೋಡಿರುತ್ತೀರಿ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ರೂಪ ಬಂದ ಮೇಲೆ ಮತ್ತೆ ಕೆಂಪಗೆ ಕಾಯಿಸಿ ಅಂಚನ್ನು ನೀರಿಗೆ ಅದ್ದುತ್ತಾರೆ. ಚುಂಯ್ ಅಂತ ಸದ್ದು. ಆ ಕ್ಷಣದಲ್ಲಿ ಅಂಚು ಗಾಜಿನಷ್ಟು ಗಟ್ಟಿ, ಗಾಜಿನ ಹಾಗೇ ಒಡೆಯುವಂಥದ್ದು ಕೂಡ. ಅಲ್ಲಿಗೇ ಬಿಟ್ಟರೆ ತೆಂಗಿನಕಾಯಿಗೆ ಹಾಕಿದ ಮೊದಲ ಏಟಿಗೇ ಚಕ್ಕೆ ಎದ್ದು ಹೋಗುತ್ತದೆ. ಅದಕ್ಕೇ ಕಮ್ಮಾರ ಅಂಚನ್ನು ಸ್ವಲ್ಪ ಉಜ್ಜಿ, ಬೆನ್ನಿನ ಕಡೆ ಉಳಿದಿರುವ ಕಾವು ಅಂಚಿಗೆ ಹರಿಯಲು ಬಿಡುತ್ತಾನೆ. ಕಣ್ಣು ಕೀಳದೆ ಬಣ್ಣ ನೋಡುತ್ತಾನೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣ ಬರುವಾಗ ಸುಮಾರು 220-230 ಡಿಗ್ರಿ. ನೀಲಿ ಬರುವ ಹೊತ್ತಿಗೆ 300ರ ಹತ್ತಿರ. ತನಗೆ ಬೇಕಾದ ಬಣ್ಣ ಬಂತೋ, ತಕ್ಷಣ ಮತ್ತೆ ನೀರಿಗೆ. ಇದನ್ನೇ ಹದ ಹಾಕುವುದು ಅನ್ನುತ್ತೇವೆ.

ಕಾರ್ಖಾನೆಯಲ್ಲೂ ಇದೇ ಕೆಲಸ, ಆದರೆ ಸಾವಿರ ಲೆಕ್ಕದಲ್ಲಿ. ಸ್ಪ್ಯಾನರ್ ಆದರೆ ಸುಮಾರು 850 ಡಿಗ್ರಿಗೆ ಕಾಯಿಸಿ ಎಣ್ಣೆಗೆ ಅದ್ದುತ್ತಾರೆ. ಆಮೇಲೆ 400-500 ಡಿಗ್ರಿಯಲ್ಲಿ ಇನ್ನೊಮ್ಮೆ ಕಾಯಿಸಿ ಬಿರುಸನ್ನು ಇಳಿಸುತ್ತಾರೆ. ಕಮ್ಮಾರ ಒಂದೊಂದನ್ನೂ ಕಣ್ಣಾರೆ ನೋಡುತ್ತಾನೆ. ಇಲ್ಲಿ ಬುಟ್ಟಿಗಟ್ಟಲೆ ಒಟ್ಟಿಗೇ ಹೋಗುತ್ತದೆ. ಬುಟ್ಟಿಯನ್ನು ಕುತ್ತಿಗೆವರೆಗೆ ತುಂಬಿದರೆ ನಡುವಿನವು ಸರಿಯಾಗಿ ಕಾಯುವುದಿಲ್ಲ. ಒಂದರ ಹಿಂದೊಂದು ಬುಟ್ಟಿ ಅದ್ದುತ್ತಾ ಹೋದರೆ ಎಣ್ಣೆಯೇ ಬಿಸಿಯಾಗಿ, ಕೊನೆಯ ಬುಟ್ಟಿಗೆ ಗಟ್ಟಿ ಬರುವುದಿಲ್ಲ. ಮಧ್ಯೆ ಕರೆಂಟ್ ಹೋದರಂತೂ ಕೇಳಲೇಬೇಡಿ. ಒಳ್ಳೆ ಕಂಪನಿಯಲ್ಲಿ ಪ್ರತಿ ಬುಟ್ಟಿಯಿಂದ ನಾಲ್ಕಾರು ಪೀಸ್ ತೆಗೆದು ಅಳೆಯುತ್ತಾರೆ, ಸರಿ ಇಲ್ಲದಿದ್ದರೆ ಇಡೀ ಬುಟ್ಟಿ ವಾಪಸ್. ಅಗ್ಗದವರು ಅಳೆಯುವುದಿಲ್ಲ, ಅಥವಾ ಅಳೆದರೂ ವಾಪಸ್ ಕಳಿಸುವುದಿಲ್ಲ. 599 ರೂಪಾಯಿಯಲ್ಲಿ ಅವರು ಉಳಿಸಿದ್ದು ಮುಖ್ಯವಾಗಿ ಇದನ್ನೇ. ಉಕ್ಕಿನ ಬೆಲೆಯಲ್ಲಿ ಅಷ್ಟೊಂದು ಉಳಿಸೋಕೆ ಆಗಲ್ಲ. ಚೆಕ್ ಮಾಡುವ ಕೆಲಸವನ್ನು ಅವರು ಕೈಬಿಟ್ಟರು, ಅದು ನಿಮ್ಮ ಮನೆಗೆ ಬಂತು.

ಉಕ್ಕಿನದೂ ಒಂದು ಪಾತ್ರ ಇದೆ. ಹೆಸರುವಾಸಿ ಕಂಪನಿ ಇಂಥದ್ದೇ ಗ್ರೇಡ್ ಅಂತ ಬರೆದು, ಪರೀಕ್ಷೆಯ ಪತ್ರ ನೋಡಿ ಉಕ್ಕು ಕೊಳ್ಳುತ್ತದೆ. ಸಣ್ಣ ಘಟಕದವನು ಆ ತಿಂಗಳು ಯಾವುದು ಅಗ್ಗವೋ ಅದನ್ನು ತರುತ್ತಾನೆ, ಗುಜರಿ ಕಬ್ಬಿಣವನ್ನು ಮತ್ತೆ ಕಾಯಿಸಿ ಎಳೆದ ಸರಳೂ ಇರಬಹುದು. ಒಂದು ಲಾಟ್‌ನಲ್ಲಿ ಕಾರ್ಬನ್ ಸರಿಯಾಗಿರುತ್ತದೆ, ಇನ್ನೊಂದರಲ್ಲಿ ಅರ್ಧಕ್ಕರ್ಧ. ಕಾರ್ಬನ್ ಕಮ್ಮಿ ಇದ್ದರೆ ಎಷ್ಟೇ ಚೆನ್ನಾಗಿ ಕಾಯಿಸಿ ಅದ್ದಿದರೂ ಗಟ್ಟಿಯಾಗಲ್ಲ. ಅಕ್ಕಿ ಬದಲಾದರೂ ಅಷ್ಟೇ ನೀರು, ಅಷ್ಟೇ ಸೀಟಿ ಕೂಗಿಸಿದ ಹಾಗೆ. ಒಮ್ಮೆ ಉದುರು, ಒಮ್ಮೆ ಮುದ್ದೆ.

ಇನ್ನು ಅಚ್ಚು. ‘ಕ್ರೋಮ್ ವೆನಾಡಿಯಂ’ ಅನ್ನೋದು ಉಕ್ಕಿನ ಜಾತಿಯ ಹೆಸರು, ಹದದ ಹೆಸರಲ್ಲ. ಒಳ್ಳೆಯ ಅಕ್ಕಿಯಲ್ಲೂ ಅನ್ನ ಸೀಯಿಸಬಹುದಲ್ವಾ? ಜೊತೆಗೆ ಆ ಅಕ್ಷರ ಕೂರಿಸಲು ಒಂದು ಅಚ್ಚು ಸಾಕು, ಉಕ್ಕು ಯಾವುದಾದರೇನು.

ಹೊಳಪಿನ ಬಗ್ಗೆ ಒಂದು ಮಾತು, ಇದು ಹೆಚ್ಚಿನವರಿಗೆ ಗೊತ್ತಿರಲ್ಲ. ಕ್ರೋಮ್ ಲೇಪನಕ್ಕೆ ಮೊದಲು ಸಾಮಾನನ್ನು ಆ್ಯಸಿಡ್‌ನಲ್ಲಿ ತೊಳೆಯುತ್ತಾರೆ. ಆಗ, ಮತ್ತು ಲೇಪನ ಹಾಕುವಾಗಲೂ, ಹೈಡ್ರೋಜನ್ ಉಕ್ಕಿನ ಒಳಗೆ ಸೇರಿಕೊಳ್ಳುತ್ತದೆ. ಗಟ್ಟಿ ಉಕ್ಕಾದರೆ ಇದೇ ಅದಕ್ಕೆ ಶತ್ರು. ಲೇಪನವಾದ ಬೆನ್ನಿಗೇ 200 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಬೇಯಿಸಿ ಅದನ್ನು ಹೊರಗೆ ಹಾಕಬೇಕು. ಆ ಕೆಲಸ ತಪ್ಪಿಸಿದರೆ ಸಾಕೆಟ್ ನೋಡೋಕೆ ಚೆನ್ನಾಗಿರುತ್ತದೆ, ಗಟ್ಟಿಯೂ ಇರುತ್ತದೆ, ಒಂದು ದಿನ ಹೆಚ್ಚು ಬಲವನ್ನೇ ಹಾಕದಿದ್ದರೂ ಪಟ್ ಅಂತ ಸೀಳುತ್ತದೆ. ಹಾಗಾಗಿ ಹೊಳಪು ನೋಡಿ ಕೊಳ್ಳಬೇಡಿ. ಕಪ್ಪಗೆ, ಮಂಕಾಗಿ ಇರುವ ಸಾಕೆಟ್ ಎಷ್ಟೋ ಸಲ ಮೇಲು.

ನಮ್ಮ ದೇಶದ ಕೈ ಉಪಕರಣಗಳಲ್ಲಿ ದೊಡ್ಡ ಪಾಲು ಪಂಜಾಬಿನ ಜಲಂಧರ್, ಲುಧಿಯಾನಗಳಿಂದ ಬರುತ್ತದೆ. ರಾಜಸ್ಥಾನದ ನಾಗೌರ್‌ನಲ್ಲೂ ಸಣ್ಣ ಘಟಕಗಳು ತುಂಬಾ ಇವೆ. ಜಲಂಧರ್‌ನಲ್ಲೇ ಹೊರದೇಶಗಳಿಗೆ ಕಳಿಸುವ ಫೋರ್ಜಿಂಗ್ (ಉಕ್ಕನ್ನು ಕಾಯಿಸಿ ಬಡಿದು ರೂಪ ಕೊಡುವ) ಕಾರ್ಖಾನೆಗಳಿವೆ, ಅದೇ ಊರಲ್ಲಿ ಒಂದೇ ಕೋಣೆಯ ಘಟಕಗಳೂ ಇವೆ. ಅಗ್ಗದ ಸೆಟ್‌ನ ಹಿಂದೆ ಕೆಲವೊಮ್ಮೆ ತಯಾರಕನೇ ಇರಲ್ಲ, ವ್ಯಾಪಾರಿ ಮಾತ್ರ. ರಾಚೆಟ್ ಒಬ್ಬನದು, ಸಾಕೆಟ್ ಇನ್ನೊಬ್ಬನದು, ಪ್ಲಾಸ್ಟಿಕ್ ಪೆಟ್ಟಿಗೆ ಮತ್ತೊಬ್ಬನದು, ಹೆಸರು ವ್ಯಾಪಾರಿಯದು. ಮುಂದಿನ ಆರ್ಡರ್‌ಗೆ ಈ ಮೂವರೂ ಬೇರೆ. ನೀವು ಮತ್ತು ನಿಮ್ಮ ಭಾವ ಒಂದೇ ಹೆಸರಿನ ಸೆಟ್ ಕೊಂಡಿರಿ, ಆದರೆ ಒಂದೇ ಸೆಟ್ ಕೊಂಡಿರಿ ಅಂತ ಹೇಳೋಕೆ ಬರಲ್ಲ.

ಸಂತೆಯ ಸ್ಕ್ರೂ ಡ್ರೈವರ್ ಯಾಕೆ ಬಾಳಿತು? ಅದು ಒಂದೇ ಸರಳು. ತುದಿಗೆ ಹದ ಕೂತರೆ ಮುಗೀತು. ರಾಚೆಟ್‌ನಲ್ಲಿ ಚಕ್ರ, ಕೊಂಡಿ, ಸ್ಪ್ರಿಂಗ್, ದಿಕ್ಕು ಬದಲಿಸುವ ಗುಂಡಿ ಎಲ್ಲವೂ ಸರಿ ಇರಬೇಕು, ಒಂದು ಕೆಟ್ಟರೂ ಇಡೀ ರಾಚೆಟ್ ಹಾಳು. 46 ಪೀಸಿನ ಸೆಟ್‌ಗೂ ಇದೇ ಲೆಕ್ಕ. ನೂರಕ್ಕೆ ಐದೇ ಕೆಟ್ಟವು ಅಂತಿಟ್ಟುಕೊಂಡರೂ 46ರಲ್ಲಿ ಸರಾಸರಿ ಎರಡು ಮೂರು ಬರುತ್ತವೆ. ಅವು ನೀವು ಮುಟ್ಟದ 4.5 ಮಿಮೀ ಸಾಕೆಟ್ ಆಗಿದ್ದರೆ ‘ಸೂಪರ್ ಸೆಟ್’ ಅನ್ನುತ್ತೀರಿ. ರಾಚೆಟ್ಟೇ ಆಗಿದ್ದರೆ ನನಗೆ ಪ್ರಶ್ನೆ ಬರೆಯುತ್ತೀರಿ.

ಸರಿ, ಇದರಲ್ಲಿ ನಾವು ಮಾಡೋದೇನು?

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಹೊಸ ಎಂ6 ಬೋಲ್ಟ್ ಇಟ್ಟುಕೊಳ್ಳಿ. ಎರಡು ರೂಪಾಯಿಯದು. ಅದರ ತಲೆಗೆ 10ರ ಸ್ಪ್ಯಾನರ್ ಕೂರುತ್ತದೆ. ಹಾಕಿ ಅಲ್ಲಾಡಿಸಿ. ಒಳ್ಳೆಯದಾದರೆ ಸ್ವಲ್ಪವೇ ಆಡುತ್ತದೆ. ಅಗ್ಗದ್ದು ಗಡಿಯಾರದ ಮುಳ್ಳಿನ ಥರ ಆಚೆ ಈಚೆ ಹೋಗುತ್ತದೆ. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ಇದ್ದರೆ ಬಾಯಿ ಅಳೆಯಿರಿ. 10ರ ಸ್ಪ್ಯಾನರ್ ಬಾಯಿ 10ಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು, 10.2ರ ಒಳಗೆ. 10.4 ಇದ್ದರೆ ಅಲ್ಲೇ ಇಟ್ಟು ಬನ್ನಿ, ಅದು ಬೋಲ್ಟ್‌ನ ಮೂಲೆಗಳನ್ನು ಕೆರೆದು ತಿನ್ನುತ್ತದೆ. ಸಾಕೆಟ್ ಆದರೆ ಒಳಗೆ ಆರು ಮೂಲೆಯದ್ದನ್ನೇ ಆರಿಸಿ. ಹನ್ನೆರಡು ಮೂಲೆಯದ್ದು ಮೆತ್ತನೆ ಉಕ್ಕಿನಲ್ಲಿ ಬೇಗ ಜಾರುತ್ತದೆ.

ದಪ್ಪ ನೋಡಿ ಮೋಸ ಹೋಗಬೇಡಿ. ‘ಎಷ್ಟು ಭಾರ ಇದೆ ನೋಡಿ ಸಾರ್’ ಅಂತ ಅಂಗಡಿಯವರು ಕೈಗೆ ಕೊಡುತ್ತಾರೆ. ಉಕ್ಕು ಒಳ್ಳೆಯದಿದ್ದವನು ತೆಳ್ಳಗೆ ಮಾಡಬಲ್ಲ. ದಪ್ಪ ಇರುವುದು ಎಷ್ಟೋ ಸಲ ಮೆತ್ತಗಿರುವುದನ್ನು ಮುಚ್ಚಿಡೋಕೆ. ಇಕ್ಕಟ್ಟಿನ ಜಾಗಕ್ಕೂ ಅದು ಹೋಗಲ್ಲ. ಅಯಸ್ಕಾಂತ ಹಿಡಿದು ನೋಡುವವರೂ ಇದ್ದಾರೆ. ಒಳ್ಳೆ ಉಕ್ಕಿಗೂ ಅಂಟುತ್ತೆ, ತಗಡಿಗೂ ಅಂಟುತ್ತೆ. ಅದರಿಂದ ಏನೂ ಗೊತ್ತಾಗಲ್ಲ.

ಹದ ತಿಳಿಯಲು ಮನೆಯಲ್ಲೇ ಒಂದು ಉಪಾಯ ಇದೆ. ಒಳ್ಳೆಯ ಸಣ್ಣ ಅರ ಒಂದಿರಲಿ. ಅರದ ಗಡಸು ರಾಕ್‌ವೆಲ್ ಅಳತೆಯಲ್ಲಿ 60ರ ಮೇಲಿರುತ್ತದೆ. ಅದನ್ನು ಮೊದಲು ಒಂದು ಮೊಳೆಗೆ ಎಳೆಯಿರಿ, ಕಚ್ಚಿ ಪುಡಿ ಬರುತ್ತದೆ. ಆ ಅನುಭವ ಕೈಯಲ್ಲಿರಲಿ. ಈಗ ಸ್ಪ್ಯಾನರ್‌ನ ಕೆಲಸಕ್ಕೆ ಬಾರದ ಮೂಲೆಯೊಂದಕ್ಕೆ ಎಳೆಯಿರಿ. ಅರ ಒಲ್ಲದ ಮನಸ್ಸಿನಿಂದ ಕಚ್ಚಿದರೆ ಸರಿಯಾದ ಹದ. ಮೊಳೆಯ ಹಾಗೇ ಸಲೀಸಾಗಿ ಕೊರೆದರೆ ಹದವೇ ಇಲ್ಲ. ಸ್ಕ್ರೂ ಡ್ರೈವರ್ ತುದಿ ಇನ್ನೂ ಗಟ್ಟಿ ಇರಬೇಕು, ಅರ ಬಹುತೇಕ ಜಾರಬೇಕು. ಹೊಳಪಿನ ಪದರ ದಾಟಿ ಒಳಗಿನ ಉಕ್ಕಿಗೆ ಮುಟ್ಟಿಸಿ ನೋಡಿ, ಯಾಕೆಂದರೆ ಕ್ರೋಮ್ ಲೇಪನ ತಾನೇ ತುಂಬಾ ಗಟ್ಟಿ.

ಸ್ಕ್ರೂ ಡ್ರೈವರ್ ಹಿಡಿಯನ್ನು ಮೂಸಿ ನೋಡಿ, ನಗಬೇಡಿ. ಸೀಮೆಎಣ್ಣೆಯಂಥ ಗಬ್ಬು ನಾತ ಇದ್ದರೆ ಅಗ್ಗದ ಪ್ಲಾಸ್ಟಿಕ್, ಎರಡು ಬೇಸಿಗೆಗೆ ಅಂಟಂಟಾಗುತ್ತದೆ. ಆಮೇಲೆ ಮನೆಯಲ್ಲಿ ಹೆಚ್ಚಾಗಿ ಬೇಕಾಗುವ 2ನೇ ನಂಬರಿನ ಪ್ಲಸ್ ತುದಿಗೆ ಒಂದು ಹೊಸ ಸ್ಕ್ರೂ ಸಿಕ್ಕಿಸಿ ಅಡ್ಡ ಹಿಡಿಯಿರಿ. ಆಯಸ್ಕಾಂತದ ಸಹಾಯವಿಲ್ಲದೆ ಸ್ಕ್ರೂ ನಿಂತರೆ ತುದಿ ಸರಿಯಾಗಿ ಕಡೆದಿದ್ದಾರೆ ಅಂತ ಅರ್ಥ. ಕಟಿಂಗ್ ಪ್ಲೇಯರ್ ಆದರೆ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ, ಕತ್ತರಿಸುವ ಅಂಚಿನ ಸಂದಿಯಲ್ಲಿ ಬೆಳಕು ಕಾಣಬಾರದು. ಅಂಗಡಿಯ ಬಿಲ್ಲನ್ನೇ ಆ ಅಂಚಿನಲ್ಲಿ ಕತ್ತರಿಸಿ ನೋಡಿ. ಮಟ್ಟದ ಟ್ಯೂಬ್ ಇರುವ ಲೆವೆಲ್ ಕೊಳ್ಳುವಾಗ ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿದೆ ನೋಡಿ, ಅದೇ ಜಾಗದಲ್ಲಿ ಎಡದ ತುದಿ ಬಲಕ್ಕೆ ಬರುವಂತೆ ತಿರುಗಿಸಿ ಇಡಿ. ಗುಳ್ಳೆ ಮೊದಲು ನಿಮ್ಮ ಯಾವ ಕೈ ಕಡೆಗೆ ಎಷ್ಟು ಸರಿದಿತ್ತೋ ಈಗಲೂ ಅದೇ ಕೈ ಕಡೆಗೆ ಅಷ್ಟೇ ಸರಿದಿದ್ದರೆ ಅಗ್ಗದ್ದಾದರೂ ಧೈರ್ಯವಾಗಿ ಕೊಳ್ಳಿ. ಅಳತೆ ಟೇಪಿನ ತುದಿಯ ಕೊಕ್ಕೆ ಸಡಿಲ ಇದೆ ಅಂತ ವಾಪಸ್ ಕೊಡುವವರನ್ನು ಕಂಡಿದ್ದೇನೆ. ಅದು ಬೇಕಂತಲೇ ಹಾಗಿರುತ್ತದೆ. ಒಳಗೆ ಒತ್ತಿ ಅಳೆಯುವಾಗ, ಹೊರಗೆ ಸಿಕ್ಕಿಸಿ ಎಳೆಯುವಾಗ ಕೊಕ್ಕೆಯ ದಪ್ಪ ಸರಿಹೋಗಲಿ ಅಂತ.

ಆನ್‌ಲೈನ್‌ನಲ್ಲಿ ಈ ಯಾವ ಪರೀಕ್ಷೆಗೂ ದಾರಿಯಿಲ್ಲ. ಅಲ್ಲಿ ವಾಪಸ್ ಕೊಡುವ ಗಡುವೇ ನಿಮ್ಮ ಪರೀಕ್ಷೆಯ ಸಮಯ. ಸೆಟ್ ಬಂದ ದಿನವೇ ಕೂತು ಒಂದೊಂದು ಸಾಕೆಟ್ಟನ್ನೂ ಬೋಲ್ಟ್‌ಗೆ ಹಾಕಿ ನೋಡಿ. ರಾಚೆಟ್ಟನ್ನು ಕೈ ಬಲದಲ್ಲಿ, ಒಂದೊಂದು ಹಲ್ಲಿಗೂ ನಿಲ್ಲಿಸಿ ಒತ್ತಿ, ಪೂರ್ತಿ ಒಂದು ಸುತ್ತು ಎರಡೂ ದಿಕ್ಕಿಗೆ ತಿರುಗಿಸಿ. ಎಲ್ಲಾದರೂ ಒಂದು ಹಲ್ಲು ಜಾರಿದರೆ ಅವತ್ತೇ ವಾಪಸ್. ‘ಯಾವಾಗಲಾದರೂ ಬೇಕಾಗುತ್ತೆ’ ಅಂತ ಪೆಟ್ಟಿಗೆ ಎತ್ತಿಟ್ಟು ಆರು ತಿಂಗಳಾದ ಮೇಲೆ ತೆಗೆಯೋದೇ ನಮ್ಮೆಲ್ಲರ ರೂಢಿ.

ಇಷ್ಟೆಲ್ಲ ಹೇಳಿದ ಮೇಲೂ, ಕೆಲವನ್ನು ಪರೀಕ್ಷೆ ಮಾಡಿ ಕೂಡ ಅಗ್ಗದ್ದು ಕೊಳ್ಳಬೇಡಿ ಅನ್ನುತ್ತೇನೆ. ಮೊದಲನೆಯದು ಕರೆಂಟ್ ಟೆಸ್ಟರ್. ಅದರಲ್ಲಿ ಕರೆಂಟು ನಿಮ್ಮ ಮೈ ಮೂಲಕವೇ ಹಾದು ನೆಲಕ್ಕೆ ಹೋಗಿ ದೀಪ ಉರಿಯುತ್ತದೆ. 230 ವೋಲ್ಟಿಗೂ ನಿಮ್ಮ ಬೆರಳಿಗೂ ನಡುವೆ ಇರುವುದು ಒಂದು ಪುಟ್ಟ ರೆಸಿಸ್ಟರ್. ಅದು ಎಂಥದ್ದು ಅಂತ ಹೊರಗಿನಿಂದ ತಿಳಿಯುವ ದಾರಿಯೇ ಇಲ್ಲ. ಅದರ ಜೊತೆಗೆ ಪ್ಲೇಯರ್. ಕೆಂಪು, ಹಳದಿ ರಬ್ಬರ್ ಹಿಡಿ ಇದ್ದ ಮಾತ್ರಕ್ಕೆ ಶಾಕ್ ಹೊಡೆಯಲ್ಲ ಅಂತಲ್ಲ. ಲೈವ್ ವೈರ್ ಕೆಲಸಕ್ಕೆ ಮಾಡಿದ್ದಾದರೆ ಜೋಡಿ ತ್ರಿಕೋನದ ಗುರುತು, 1000 ವೋಲ್ಟ್ ಮತ್ತು ಐಇಸಿ 60900 (ಇಂಥ ಟೂಲ್ಸ್‌ಗಿರುವ ಅಂತರರಾಷ್ಟ್ರೀಯ ಮಾನದಂಡ) ಅಂತ ಅಚ್ಚು ಇರುತ್ತದೆ. ಅಂಥ ಒಂದೊಂದು ಪೀಸನ್ನೂ 10,000 ವೋಲ್ಟ್ ಕೊಟ್ಟು ಪರೀಕ್ಷಿಸಿರಬೇಕು. ಅದು ಇದ್ದರೂ ಮೊದಲು ಮೇನ್ ಆಫ್ ಮಾಡಿ.

ಎರಡನೆಯದು ಸುತ್ತಿಗೆ. ಅಗ್ಗದ ಸುತ್ತಿಗೆಗಳಲ್ಲಿ ಕೆಲವು ಬೀಡುಕಬ್ಬಿಣದ ಎರಕ, ಮೇಲೆ ಬಣ್ಣ ಬಳಿದಿರುತ್ತಾರೆ. ಬದಿಯಲ್ಲಿ ಅಚ್ಚಿನ ಗೆರೆ, ಮರಳಿನಂಥ ಒರಟು ಕಂಡರೆ ಬೇಡ. ಅತಿಯಾಗಿ ಗಟ್ಟಿ ಮಾಡಿದ್ದೂ ಅಪಾಯವೇ. ಏಟಿಗೆ ಹಾರುವ ಚಕ್ಕೆ ನೇರ ಕಣ್ಣಿಗೆ ಬರುತ್ತದೆ. ನಮ್ಮ ಶಾಪ್‌ನಲ್ಲಿ ಒಬ್ಬ ಹುಡುಗ ಒಂದು ಸುತ್ತಿಗೆಯನ್ನು ಇನ್ನೊಂದರಿಂದ ಬಡಿದು ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡ. ಎರಡು ಬೆರಳು ಮೇಲಾಗಿದ್ದರೆ ಕಣ್ಣು ಹೋಗುತ್ತಿತ್ತು. ಅರ ಮತ್ತು ಆಕ್ಸಾ ಬ್ಲೇಡನ್ನೂ ಒಳ್ಳೆಯದೇ ತನ್ನಿ. ಆಕ್ಸಾದ ಫ್ರೇಮ್ ಬೇಕಾದರೆ ಅಗ್ಗದ್ದಿರಲಿ, ಹಲ್ಲು ಮುಂದಕ್ಕೆ ಬರುವಂತೆ ಬ್ಲೇಡ್ ಬಿಗಿಯಾಗಿ ಕಟ್ಟಿ. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರ್ ಅಗ್ಗದ್ದು ಬೇಡವೇ ಬೇಡ, ಬಿಗಿ ಮಾಡಿದಷ್ಟೂ ಬಾಯಿ ತೆರೆಯುತ್ತದೆ.

ಕರಣೆ, ಪುಟ್ಟಿ ಬ್ಲೇಡ್, ರಬ್ಬರ್ ಸುತ್ತಿಗೆ, ತಂತಿ ಬ್ರಷ್, ಕ್ಲಾಂಪ್, ಟೂಲ್ ಡಬ್ಬಿ ಇವಕ್ಕೆಲ್ಲ ಜಾಸ್ತಿ ಕೊಡಬೇಡಿ. ಸುಮ್ನೆ ದಂಡ. ಅಗ್ಗದ ಎಲ್ಲೆನ್ ಕೀ ತುದಿ ಗುಂಡಗಾದರೆ ಎಸೆಯಬೇಡಿ. ಎರಡು ಮೂರು ಮಿಮೀ ಗ್ರೈಂಡ್ ಮಾಡಿದರೆ ಹೊಸ ಮೂಲೆ ಬರುತ್ತದೆ. ಆಗಾಗ ನೀರಿಗೆ ಅದ್ದುತ್ತಿರಿ. ನೀಲಿ ಬಣ್ಣ ಬಂತು ಅಂದರೆ ಇದ್ದ ಹದವೂ ಹೋಯಿತು.

ಬ್ರ್ಯಾಂಡ್ ವಿಷಯಕ್ಕೆ ಬಂದರೆ, ಅಗ್ಗ ಬಿಟ್ಟರೆ ವಿದೇಶಿ ದುಬಾರಿಯೇ ಗತಿ ಅಂತಲ್ಲ. ನಮ್ಮ ಮೆಕ್ಯಾನಿಕ್‌ಗಳ ಕೈಯಲ್ಲಿ ಹೆಚ್ಚು ಕಾಣುವುದು ಮಧ್ಯದ ಬೆಲೆಯ ಇಲ್ಲಿನದೇ ಮಾಲು. ಉದಾಹರಣೆಗೆ ನಮ್ಮ ದೇಶದ ತಪಾರಿಯಾ ಕಂಪನಿ, ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ 1969ರಲ್ಲಿ ಕೈ ಉಪಕರಣ ಮಾಡಲು ಶುರು ಮಾಡಿದ್ದು. ಅಂಥ ಕಂಪನಿಗಳ ಬಿಡಿ ಸ್ಪ್ಯಾನರ್‌ಗೆ ಅಗ್ಗದ್ದಕ್ಕಿಂತ ಒಂದೂವರೆ, ಎರಡು ಪಟ್ಟು ಬೆಲೆ ಇರಬಹುದು. ಇಡೀ ಸೆಟ್ ಬದಲು ನಿಮಗೆ ಬೇಕಾದ ನಾಲ್ಕೈದು ಅಳತೆ ಮಾತ್ರ ಕೊಂಡರೆ ಖರ್ಚು ಅಷ್ಟೇ ಬೀಳುತ್ತದೆ. ಬೈಕಿಗೆ 8, 10, 12, 14, 17 ಇದ್ದರೆ ಮುಕ್ಕಾಲು ಕೆಲಸ ಆಯಿತು. ಬೆಂಗಳೂರಿನ ಎಸ್‌.ಪಿ. ರೋಡ್ ಕಡೆ ಬಂದರೆ ಬಿಡಿಯಾಗಿ ಸಿಗುತ್ತವೆ. ಹೆಸರಾದ ಮಾಲಿಗೆ ನಕಲಿಯೂ ಇರುತ್ತದೆ, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಜೇಬಿನ ಎಂ6 ಬೋಲ್ಟ್ ಅಲ್ಲೂ ತೆಗೆಯಿರಿ, ಯಾರೂ ಏನೂ ಅಂದುಕೊಳ್ಳಲ್ಲ.

ಕೊನೆಗೆ ನಿಮ್ಮ ಸೆಟ್. ಅದನ್ನು ಗುಜರಿಗೆ ಹಾಕಬೇಡಿ. ಸಾಕೆಟ್‌ಗಳನ್ನು ಅರದಿಂದ ಪರೀಕ್ಷಿಸಿ, ಒಳ್ಳೆಯವನ್ನು ಇಟ್ಟುಕೊಳ್ಳಿ. ಕಾಲು ಇಂಚಿನ ರಾಚೆಟ್ ಮಾತ್ರ ಒಂದು ಒಳ್ಳೆಯದನ್ನು ಬಿಡಿಯಾಗಿ ತನ್ನಿ. ಆ ಚೌಕದ ಅಳತೆ ಎಲ್ಲ ಕಂಪನಿಗೂ ಒಂದೇ, ನಿಮ್ಮ ಸಾಕೆಟ್‌ಗಳು ಅದಕ್ಕೆ ಕೂರುತ್ತವೆ. ಶಾಕ್ ಅಬ್ಸಾರ್ಬರ್‌ನ ನಟ್‌ಗೆ 14-15ರ ರಿಂಗ್ ಸ್ಪ್ಯಾನರ್ ಬೇರೆಯೇ ಕೊಳ್ಳಿ. ಹಿಂದಿನ ರಾತ್ರಿ ನಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ, ಬೆಳಿಗ್ಗೆ ರಿಂಗ್ ಪೂರ್ತಿ ಕೂರಿಸಿ, ತಳ್ಳುವ ಬದಲು ನಿಮ್ಮ ಕಡೆಗೆ ಎಳೆಯಿರಿ. ಪೈಪ್ ವಾಪಸ್ ತೋಟಕ್ಕೆ ಹೋಗಲಿ.